ಮೂಕಿಯ ಮೇಲಿನ ಭಾರ

2024 ಮಾರ್ಚ್ 9, ಶನಿವಾರ. ಡೆನ್ವರ್

ಬೆಳಿಗ್ಗೆ ಟ್ರೇಲರ್ ಮಾರುವ ಕಡೆ ಹೋಗಿದ್ದೆವು. ಮಕ್ಕಳು ಒಂದರಿಂದ ಇಳಿದು ಇನ್ನೊಂದಕ್ಕೆ ಹತ್ತುತ್ತಿದ್ದರು. ನನ್ನವಳಿಗೆ ಹಿಡಿಸಿದ್ದು 32 ಅಡಿಯದು. ಹಿಂದೆ ಮಕ್ಕಳಿಗೆ ಬಂಕ್ ಮಂಚಗಳ ಕೋಣೆ, ಮುಂದೆ ದೊಡ್ಡ ಮಂಚ, ನಡುವೆ ಗುಂಡಿ ಒತ್ತಿದರೆ ಗೋಡೆಯೇ ಹೊರಕ್ಕೆ ಸರಿದು ಅಗಲವಾಗುವ ಹಾಲ್. ಜೂನ್‌ನಲ್ಲಿ ಅಪ್ಪ ಅಮ್ಮ ಬರುತ್ತಾರೆ, ಆರು ಜನ ಯೆಲ್ಲೋಸ್ಟೋನ್‌ಗೆ ಹೋಗಬೇಕು. ಅಮ್ಮ ರಾತ್ರಿ ಎದ್ದರೆ ಕತ್ತಲಲ್ಲಿ ದೂರ ನಡೆಯುವಂತಾಗಬಾರದು, ಬಚ್ಚಲು ಒಳಗೇ ಇರಬೇಕು. ಇವಳು ಹೇಳುವುದರಲ್ಲಿ ಒಂದೂ ತೆಗೆದುಹಾಕುವ ಮಾತಲ್ಲ.

ಅಲ್ಲಿನ ಸೇಲ್ಸ್‌ನವನು ಹೊರಗೆ ನಿಂತ ನಮ್ಮ ಶೆವರ್ಲೆ ಟಾಹೋ ಕಡೆ ಒಮ್ಮೆ ಕಣ್ಣು ಹಾಯಿಸಿದ. 5.3 ಲೀಟರಿನ ವಿ8, ಫೋರ್ ವ್ಹೀಲ್ ಡ್ರೈವ್, ಎಳೆಯಲು ಬೇಕಾದ ಪ್ಯಾಕೇಜು ಇದೆ. ಎಂಟು ಸಾವಿರ ಪೌಂಡಿನ ಮೇಲೆ ಎಳೆಯುವ ಗಾಡಿ, ಟ್ರೇಲರ್ ಖಾಲಿ ತೂಕ 6,900, ಇನ್ನೇನು ಯೋಚನೆ ಎಂದ. ಎಳೆಯುವುದೇನು, ಎಳೆದೀತು. ಎಳೆಯುವ ಬಗ್ಗೆ ನನಗೆ ಅನುಮಾನವೇ ಇರಲಿಲ್ಲ. ತರಾತುರಿಯಲ್ಲಿ ಸಹಿ ಹಾಕಿಸಿಕೊಳ್ಳಲು ನೋಡಿದ್ದೇ ಸರಿಬರಲಿಲ್ಲ. ಮುಂದಿನ ವಾರ ಬರುತ್ತೇವೆಂದು ಹೇಳಿ ಎದ್ದುಬಂದೆವು.

ಮಾರ್ಚ್ 10, ಭಾನುವಾರ

ಡ್ರೈವರ್ ಕಡೆಯ ಬಾಗಿಲು ತೆಗೆದರೆ ಕಂಬದ ಮೇಲೆ ಹಳದಿ ಬಿಳಿ ಸ್ಟಿಕ್ಕರ್ ಒಂದಿದೆ. ಟೈರಿಗೆ ಗಾಳಿ ಎಷ್ಟು ಹಿಡಿಸಬೇಕೆಂದು ಎಲ್ಲರೂ ನೋಡುವುದು ಅದನ್ನೇ. ಅದರ ಮೇಲ್ಭಾಗದಲ್ಲಿ ಇನ್ನೊಂದು ಸಾಲಿದೆ: ಕೂತ ಜನ ಮತ್ತು ಸಾಮಾನು ಎಲ್ಲ ಸೇರಿ ಇಷ್ಟು ಪೌಂಡ್ ಮೀರಕೂಡದು ಎಂದು. ನಮ್ಮದರಲ್ಲಿ 1,640.

ಮಧ್ಯಾಹ್ನ ಊಟವಾದ ಮೇಲೆ ಎಲ್ಲರನ್ನೂ ಬಚ್ಚಲಿನ ತಕ್ಕಡಿಯ ಮೇಲೆ ನಿಲ್ಲಿಸಿದೆ. ಮಗಳಿಗೆ ಆಟ, ಇವಳಿಗೆ ಸಿಟ್ಟು. ನಾನು 172, ಇವಳು 135, ಮಗ 105, ಮಗಳು 65. ಅಪ್ಪ ಅಮ್ಮಂದು ಫೋನಿನಲ್ಲಿ ಕೇಳಿ ತಿಳಿದದ್ದು, ಇಬ್ಬರದೂ ಸೇರಿ 270. ಒಟ್ಟು 747. ಗಾಡಿಯೊಳಗೆ ಬ್ಯಾಗು, ಐಸ್‌ಪೆಟ್ಟಿಗೆ, ಕುರ್ಚಿ ಎಂದು 150 ಇಟ್ಟೆ. ಟ್ರೇಲರ್ ಸಿಕ್ಕಿಸಲು ಭಾರ ಹಂಚುವ ಹಿಚ್ ಅಂತ ಬರುತ್ತದೆ, ಅದರ ಕಬ್ಬಿಣವೇ 90. ಇಷ್ಟು ಕಳೆದರೆ ಉಳಿಯುವುದು 653.

ಈ 653ರಲ್ಲಿ ಟ್ರೇಲರಿನ ಮೂಕಿ ಕೂರಬೇಕು. ಟ್ರೇಲರಿನ ಭಾರವೆಲ್ಲ ಅದರ ಚಕ್ರಗಳ ಮೇಲೇ ಇರುವುದಿಲ್ಲ. ನೂರಕ್ಕೆ ಹತ್ತರಿಂದ ಹದಿನೈದು ಪಾಲು ಮೂಕಿಯ ಮೂಲಕ ಎಳೆಯುವ ಗಾಡಿಯ ಬೆನ್ನಿಗೆ ಬರುತ್ತದೆ, ಬರಲೇಬೇಕು. ಆ 32 ಅಡಿಯದಕ್ಕೆ ಗ್ಯಾಸ್ ಸಿಲಿಂಡರ್ ಎರಡು, ಬ್ಯಾಟರಿ, 40 ಗ್ಯಾಲನ್ ನೀರು (ಗ್ಯಾಲನ್ನಿಗೆ 8.3 ಪೌಂಡಿನಂತೆ ಅದೇ 332), ಪಾತ್ರೆ, ಹಾಸಿಗೆ, ಅಕ್ಕಿ ಬೇಳೆ ಸೇರಿಸಿದರೆ 6,900 ಹೋಗಿ 7,900 ಆಗುತ್ತದೆ. ಅದರ ಶೇಕಡಾ 13 ಅಂದರೆ 1,027. ಇರುವುದು 653.

ತಿರುಗಿಸಿ ಲೆಕ್ಕ ಹಾಕಿದೆ. 653 ಮೂಕಿಗೆ ಒಪ್ಪುವ ಟ್ರೇಲರ್ ಎಷ್ಟು ತೂಗಬಹುದು? ಸುಮಾರು 5,000. ಜಾಹೀರಾತಿನ ಎಂಟು ಸಾವಿರ ಚಿಲ್ಲರೆ ಇಲ್ಲಿಗೆ ಇಳಿಯಿತು, ಅದೂ ನಾವು ಯಾರೂ ದಪ್ಪಗಿಲ್ಲದ ಕಾರಣ.

ಇದರಲ್ಲೊಂದು ತಮಾಷೆ ಇದೆ. ದೊಡ್ಡ ಟ್ರೇಲರ್ ಬೇಕಾಗುವುದು ದೊಡ್ಡ ಸಂಸಾರಕ್ಕೆ. ಆ ಸಂಸಾರ ಗಾಡಿ ಹತ್ತಿ ಕೂತಿತೋ, ದೊಡ್ಡ ಟ್ರೇಲರಿಗೆ ಜಾಗವಿಲ್ಲ. ಒಂಟಿಯಾಗಿ ಹೋಗುವವನು ಎಂಟು ಸಾವಿರ ಎಳೆಯಬಹುದು, ಆದರೆ ಅವನಿಗೆ ಬಂಕ್ ಮಂಚ ಯಾಕೆ? ಸೀಟು ಏಳೆಂಟು ಮಂದಿಗೆ, ಎಳೆತ ಎಂಟು ಸಾವಿರ ಪೌಂಡಿಗೆ ಎಂದು ಒಂದೇ ಪುಟದಲ್ಲಿ ಅಚ್ಚು ಹಾಕುತ್ತಾರೆ. ಎರಡೂ ನಿಜ. ಎರಡನ್ನೂ ಒಟ್ಟಿಗೆ ಕೇಳಬಾರದು ಅಷ್ಟೆ.

ಮಾರ್ಚ್ 17, ಭಾನುವಾರ

ಎಳೆತದ ಅಂಕಿ ಎಲ್ಲಿಂದ ಬರುತ್ತದೆ ಎಂದು ಓದಿದೆ. ಹಿಂದೆ ಒಂದೊಂದು ಕಂಪನಿಯದು ಒಂದೊಂದು ಲೆಕ್ಕ. ಎದುರಿನವನಿಗಿಂತ ನೂರು ಹೆಚ್ಚು ಬರೆದರೆ ಕೇಳುವವರಿರಲಿಲ್ಲ. ಆಮೇಲೆ ಎಸ್‌ಎಇ ಎಂಬ ಎಂಜಿನಿಯರುಗಳ ಸಂಘ ಜೆ2807 ಅಂತ ಒಂದು ಮಾನದಂಡ ಮಾಡಿತು. 2011ರ ಮಾದರಿಗಳಿಗೆ ಮೊದಲು ಒಪ್ಪಿಕೊಂಡದ್ದು ಟೊಯೋಟ. ಉಳಿದವರು ನಿಧಾನವಾಗಿ ಬಂದರು.

ಪರೀಕ್ಷೆ ಸುಲಭದ್ದಲ್ಲ. ಅರಿಜೋನಾದಲ್ಲಿ ಬುಲ್‌ಹೆಡ್ ಸಿಟಿಯಿಂದ ಮೇಲೇರುವ ರಾಜ್ಯ ಹೆದ್ದಾರಿ 68, ಡೇವಿಸ್ ಡ್ಯಾಮ್ ಏರು ಎನ್ನುತ್ತಾರೆ. ಹನ್ನೊಂದು ಮೈಲಿಗೂ ಮೀರಿದ ದಾರಿ, 3,000 ಅಡಿಯಷ್ಟು ಏರು. 100 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು, ಎಸಿ ಪೂರ್ತಿ ಹಾಕಿರಬೇಕು, ಗಂಟೆಗೆ 40 ಮೈಲಿಗಿಂತ ಕೆಳಗಿಳಿಯಕೂಡದು. ಎಂಜಿನ್ನು ಕುದಿಯದೆ ಹತ್ತಿದರೆ ಪಾಸು. ಮೆಚ್ಚತಕ್ಕದ್ದೇ. ಆದರೆ ಆಗ ಗಾಡಿಯಲ್ಲಿ ಎಷ್ಟು ಜನವೆಂದು ಲೆಕ್ಕ? ಇಬ್ಬರು. ತಲಾ 150 ಪೌಂಡ್. ಅಪ್ಪ ಇಲ್ಲ, ಅಮ್ಮ ಇಲ್ಲ, ಹಿಂದಿನ ಸೀಟಿನಲ್ಲಿ ಜಗಳವಾಡುವ ಅಣ್ಣ ತಂಗಿ ಇಲ್ಲ.

ಇನ್ನೊಂದು, ನಾವಿರುವ ಎತ್ತರ. ಟರ್ಬೊ ಇಲ್ಲದ ಎಂಜಿನ್ನು ಸಾವಿರ ಅಡಿ ಮೇಲೇರಿದರೆ ಸುಮಾರು ನೂರಕ್ಕೆ ಮೂರು ಪಾಲು ಬಲ ಕಳೆದುಕೊಳ್ಳುತ್ತದೆ. ಡೆನ್ವರ್ 5,280 ಅಡಿ, ಅಂದರೆ ಮನೆ ಬಾಗಿಲಲ್ಲೇ ಹದಿನೈದು ಪಾಲು ಹೋಯಿತು. ಯೆಲ್ಲೋಸ್ಟೋನ್ ದಾರಿಯಲ್ಲಿ ಟೊಗೊಟೀ ಕಣಿವೆಯೇ 9,658 ಅಡಿ. ನಿಧಾನವಾಗಿ ಹತ್ತಿದರಾಯಿತು, ಬಿಡಿ. ಹತ್ತುವಾಗ ಯಾರಿಗೂ ಏನೂ ಆಗುವುದಿಲ್ಲ, ಹಿಂದಿನವರು ಬೈದುಕೊಳ್ಳುತ್ತಾರೆ ಅಷ್ಟೆ.

ಏಪ್ರಿಲ್ 9, ಮಂಗಳವಾರ. ಯುಗಾದಿ

ಕೆಲಸಕ್ಕೆ ಹೊರಡುವ ಮುಂಚೆ ಊರಿಗೆ ಫೋನ್ ಮಾಡಿದೆ. ಅಲ್ಲಿ ಒಬ್ಬಟ್ಟಿನ ಊಟ ಮುಗಿದು ಸಂಜೆಯಾಗಿತ್ತು. ಅಪ್ಪ ಎತ್ತಿದ ಕೂಡಲೇ, "ಏನ್ ಮಗ, ಕಾರಿಗೆ ಮನೆ ಕಟ್ಕೊಂಡು ಹೋಯ್ತೀವಂತೆ ಎಲ್ರೂ?" ಎಂದರು. ಮಗಳು ಎಲ್ಲ ಹೇಳಿಬಿಟ್ಟಿದ್ದಾಳೆ.

ಮೂಕಿ ಭಾರದ ವಿಷಯ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, "ಅದ್ಕೆ ಅಷ್ಟೊಂದು ಓದ್ಬೇಕಾ? ಮೈಷುಗರ್‌ಗೆ ಕಬ್ಬು ತುಂಬೋವಾಗ ಮೂಕಿ ಎತ್ತಿ ನೋಡ್ತಿರ್ಲಿಲ್ವ ನಾವು? ಹಿಂದ್ಕೆ ಭಾರ ಬಿದ್ರೆ ನೊಗ ಮ್ಯಾಕೆದ್ದು ಎತ್ತಿನ ಕುತ್ಗೆ ಹಗ್ಗ ಬಿಗೀತದೆ. ಮುಂದ್ಕೆ ಜಾಸ್ತಿ ಆದ್ರೆ ಎತ್ತು ಮಂಡಿ ಹಾಕ್ತವೆ. ಒಬ್ನೇ ಆಳು ಎತ್ತಂಗಿರ್ಬೇಕು, ಸಲೀಸಾಗೂ ಬರ್ಬಾರ್ದು" ಎಂದರು. ಇಲ್ಲಿನ ಪುಸ್ತಕಗಳಲ್ಲಿರುವ ಹತ್ತರಿಂದ ಹದಿನೈದು ಪಾಲನ್ನು ಇದಕ್ಕಿಂತ ಚೆನ್ನಾಗಿ ಯಾರೂ ಬರೆದದ್ದು ನಾನು ಕಂಡಿಲ್ಲ.

ಆದರೆ ಎತ್ತಿನ ಗಾಡಿಗಿಲ್ಲದ ಒಂದು ತೊಡಕು ಇಲ್ಲಿದೆ. ನೊಗ ಕೂರುವುದು ಎತ್ತಿನ ಹೆಗಲ ಮೇಲೆ. ಕಾರಿನಲ್ಲಿ ಹಿಚ್ಚಿನ ಗುಂಡು ಹಿಂದಿನ ಅಚ್ಚಿಗಿಂತ ಐದಡಿಯಷ್ಟು ಹಿಂದೆ ಚಾಚಿಕೊಂಡಿರುತ್ತದೆ. ಎರಡು ಅಚ್ಚುಗಳ ನಡುವಿನ ಅಂತರ ನಮ್ಮ ಗಾಡಿಯಲ್ಲಿ 120.9 ಇಂಚು, ಅಂದರೆ ಹತ್ತಡಿ. ಅಲ್ಲಿಗೆ ಹಾರೆ ಹಾಕಿ ಮೀಟಿದ ಹಾಗಾಯಿತು. ಗುಂಡಿನ ಮೇಲೆ 1,000 ಪೌಂಡ್ ಇಳಿಸಿದರೆ ಹಿಂದಿನ ಅಚ್ಚಿಗೆ ಬೀಳುವುದು ಹತ್ತಿರ ಹತ್ತಿರ 1,500. ಹೆಚ್ಚಿನ ಆ 500 ಬಂದದ್ದು ಮುಂದಿನ ಅಚ್ಚಿನಿಂದ. ತಿರುಗಿಸುವ ಚಕ್ರಗಳು, ಬ್ರೇಕಿನ ಹೆಚ್ಚು ಕೆಲಸ ಹೊರುವ ಚಕ್ರಗಳು ಹಗುರಾಗಿಬಿಡುತ್ತವೆ. ಗಾಡಿಯ ಹಿಂಭಾಗ ಕುಸಿದು ಹೆಡ್‌ಲೈಟು ಮರದ ತುದಿ ನೋಡುತ್ತಿದ್ದರೆ ಇದೇ ಆಗಿರುತ್ತದೆ. ಭಾರ ಹಂಚುವ ಹಿಚ್ಚಿನಲ್ಲಿ ಉಕ್ಕಿನ ಎರಡು ಪಟ್ಟಿಗಳು ಬಿಗಿದು ಕೂತು ಮುಂದಿನ ಅಚ್ಚಿಗೆ ಕಳೆದುಹೋದದ್ದರಲ್ಲಿ ಬಹುಪಾಲು ಹಿಂತಿರುಗಿಸುತ್ತವೆ, ಟ್ರೇಲರಿನ ಅಚ್ಚುಗಳಿಗೂ ಒಂದಿಷ್ಟು ದಾಟಿಸುತ್ತವೆ. ಆದರೆ ಬಾಗಿಲ ಸ್ಟಿಕ್ಕರಿನ ಅಂಕಿಯನ್ನು ಅವು ಬೆಳೆಸುವುದಿಲ್ಲ. ಬೆಳೆಸುತ್ತವೆ ಎಂದು ನಂಬಿಸುವವರು ಬೇಕಾದಷ್ಟಿದ್ದಾರೆ.

ಏಪ್ರಿಲ್ 14, ಭಾನುವಾರ

ಇವಳಿಗೆ 32 ಅಡಿಯದನ್ನು ಬಿಡಲು ಮನಸ್ಸಿಲ್ಲ. ಎರಡು ಕಾರಿನಲ್ಲಿ ಹೋದರೆ? ನಾನು ಮಕ್ಕಳು ಟಾಹೋದಲ್ಲಿ, ಉಳಿದ ಮೂವರು ಅವಳ ಕ್ಯಾಮ್ರಿಯಲ್ಲಿ. ಕೂತು ಕಳೆದೆ. 405 ಪೌಂಡ್ ಬಿಡುಗಡೆಯಾಗಿ ಮೂಕಿಗೆ 1,058 ಸಿಗುತ್ತದೆ, ಬೇಕಾದದ್ದು 1,027. ಕಾಗದದ ಮೇಲೆ ಕೂತೇಬಿಟ್ಟಿತು. ಅವಳೇ ನಕ್ಕಳು: "ಅಂದ್ರೆ ದಾರಿಯುದ್ದಕ್ಕೂ ಅತ್ತೆ ಮಾವನ ಜೊತೆ ನಾನು, ಖಾಲಿ ಮನೆ ಜೊತೆ ನೀವು. ಚೆನ್ನಾಗಿದೆ ರೀ ಲೆಕ್ಕ."

ತೂಕ ಕೂತರೂ ಉದ್ದ ಕೂರಬೇಕಲ್ಲ. ಇಲ್ಲಿನ ಹಳಬರ ರೂಢಿಯ ಮಾತೊಂದಿದೆ. 110 ಇಂಚು ಅಚ್ಚಂತರವಿದ್ದರೆ 20 ಅಡಿ ಟ್ರೇಲರ್, ಆಮೇಲೆ ಪ್ರತಿ 4 ಇಂಚಿಗೆ ಒಂದಡಿ. ಅದರಂತೆ ನಮಗೆ 23 ಅಡಿಗೆ ಸ್ವಲ್ಪ ಕಡಿಮೆ. ಇದು ಎಂಜಿನಿಯರಿಂಗ್ ಅಲ್ಲ, ಟೈರು, ಹಿಚ್ಚು, ಗಾಳಿಗೆ ಒಡ್ಡುವ ಮೈ ಯಾವುದನ್ನೂ ಇದು ಕೇಳುವುದಿಲ್ಲ. ಆದರೂ 32 ಅಡಿ ಎಂದರೆ ಈ ಮಾತು ಬೇಡವೆಂದು ಗಟ್ಟಿಯಾಗಿ ತಲೆಯಾಡಿಸುತ್ತದೆ, ಅದನ್ನು ಕಡೆಗಣಿಸುವ ಧೈರ್ಯ ನನಗಿಲ್ಲ. ಎಂಟಡಿ ಅಗಲ, ಹನ್ನೊಂದಡಿ ಎತ್ತರದ ಚಪ್ಪಟೆ ಗೋಡೆ, ಮೂವತ್ತೆರಡು ಅಡಿ ಉದ್ದ. ಹೋಗಬೇಕಾದ್ದು ಗಾಳಿ ಬೀಸುವ ವಯೋಮಿಂಗ್ ಮೇಲೆ.

ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ಭಾವಮೈದ ವಿಡಿಯೋದಲ್ಲಿ ಬಂದಾಗ ಇದೇ ಮಾತು. ಅಲ್ಲಿ ಇದಕ್ಕೆ ಕ್ಯಾರವಾನ್ ಎನ್ನುತ್ತಾರೆ. ಹೊಸದಾಗಿ ಎಳೆಯುವವರಿಗೆ ಅಲ್ಲಿನ ಸಂಘಗಳು ಕೊಡುವ ಸಲಹೆ, ಕ್ಯಾರವಾನಿನ ತೂಕ ಕಾರಿನ ತೂಕದ ಶೇಕಡಾ 85 ಮೀರದಿರಲಿ ಅಂತ. ಕಾನೂನಲ್ಲ, ಬುದ್ಧಿಮಾತು. "ಭಾವ, ನಿಮ್ಮ 7,900 ಪೌಂಡ್ ಅಂದ್ರೆ ಕಾರಿಗಿಂತ ಟ್ರೇಲರೇ ದಪ್ಪ. ಇಲ್ಲಿ ಹಾಗೆ ಹೊರಟರೆ ಹುಚ್ಚು ಅಂತಾರೆ" ಎಂದ. ನಮ್ಮ ಗಾಡಿ ಖಾಲಿ 5,860. ಅದರ 85 ಪಾಲು 4,981. ನನ್ನ ಮಾರ್ಚ್ ತಿಂಗಳ 5,000ಕ್ಕೂ ಇದಕ್ಕೂ ಏನೂ ಸಂಬಂಧವಿಲ್ಲ, ದಾರಿಯೇ ಬೇರೆ. ಆದರೂ ಎರಡು ದಾರಿ ಒಂದೇ ಊರಿಗೆ ಬಂದವು. ಅವರು ಮೂಕಿ ಭಾರ ಐದರಿಂದ ಏಳು ಪಾಲಿಗೇ ನಿಲ್ಲಿಸುತ್ತಾರೆ, ಸಣ್ಣ ಕಾರುಗಳು ಅಷ್ಟೇ ತಾಳುವುದು. ಅದಕ್ಕೆ ತಕ್ಕಂತೆ ವೇಗವೂ ಕಡಿಮೆ: ಬ್ರಿಟನ್ನಿನ ಮೋಟಾರುದಾರಿಯಲ್ಲಿ 60 ಮೈಲಿ, ಜರ್ಮನಿಯಲ್ಲಿ ಸಾಮಾನ್ಯವಾಗಿ 80 ಕಿಲೋಮೀಟರ್. ಇಲ್ಲಿ ಕ್ಯಾಲಿಫೋರ್ನಿಯಾ 55 ಮೈಲಿ ಎಂದು ಬಿಗಿಹಿಡಿದಿದೆ. ವಯೋಮಿಂಗಿನ ಫಲಕಗಳು 75, 80 ಎನ್ನುತ್ತವೆ, ಎಷ್ಟೋ ಟ್ರೇಲರ್ ಟೈರುಗಳ ಮಿತಿ 65 ಎಂಬುದು ಆ ಫಲಕಕ್ಕೆ ಗೊತ್ತಿಲ್ಲ.

ಇವಳು ರಾತ್ರಿ 24 ಅಡಿಯದೊಂದನ್ನು ಬಾಡಿಗೆಗೆ ಹುಡುಕಿದಳು. ಕೊಳ್ಳುವ ಮಾತು ಆಮೇಲೆ. ಸದ್ಯಕ್ಕೆ ಎರಡು ರಾತ್ರಿ.

ಮೇ 4, ಶನಿವಾರ. ಕರ್ಟ್ ಗೌಡಿ ಸ್ಟೇಟ್ ಪಾರ್ಕ್, ವಯೋಮಿಂಗ್

ಬರೆಯಲು ಕೈ ಇನ್ನೂ ಸಡಿಲವಾಗಿಲ್ಲ. ಮಕ್ಕಳು ಬಂಕಿನಲ್ಲಿ ಮಲಗಿದ್ದಾರೆ, ಹೊರಗೆ ಚಳಿ.

ನಿನ್ನೆ ಸಂಜೆ ಟ್ರೇಲರ್ ಕೊಟ್ಟವರು ಕಟ್ಟಿ ತೋರಿಸಿದರು. ಎರಡು ಸರಪಳಿ ಅಡ್ಡಡ್ಡ, ಏಳು ಪಿನ್ನಿನ ವಿದ್ಯುತ್ ತಂತಿ, ಟ್ರೇಲರ್ ಕಳಚಿಕೊಂಡರೆ ತಾನೇ ಬ್ರೇಕ್ ಹಿಡಿಯುವ ಸಣ್ಣ ಕೇಬಲ್. ಟ್ರೇಲರಿಗೆ ತನ್ನದೇ ವಿದ್ಯುತ್ ಬ್ರೇಕುಗಳಿವೆ, ಅವು ಎಷ್ಟು ಬಲವಾಗಿ ಹಿಡಿಯಬೇಕೆಂದು ಡ್ಯಾಶ್‌ಬೋರ್ಡಿನ ಕಂಟ್ರೋಲರಿನಲ್ಲಿ ಹೊಂದಿಸಬೇಕು. ಖಾಲಿ ಪಾರ್ಕಿಂಗ್ ಜಾಗದಲ್ಲಿ 25 ಮೈಲಿ ವೇಗದಲ್ಲಿ ಬರೀ ಆ ಕಂಟ್ರೋಲರಿನ ಸನ್ನೆ (ಲಿವರ್) ಒತ್ತಿ ನೋಡಿದೆ. ಚಕ್ರ ಜಾರದೆ, ಹಿಂದಿನಿಂದ ಯಾರೋ ಅಂಗಿ ಹಿಡಿದೆಳೆದಂತೆ ನಿಧಾನಿಸಬೇಕು. ಕಂಟ್ರೋಲರನ್ನು ಆರಕ್ಕೆ ಇಟ್ಟಾಗ ಸರಿಹೋಯಿತು.

ಬೆಳಿಗ್ಗೆ ಹೆದ್ದಾರಿ ಬದಿಯ ಟ್ರಕ್ ನಿಲ್ದಾಣದಲ್ಲಿ ಕ್ಯಾಟ್ ಸ್ಕೇಲ್ ಮೇಲೆ ನಿಲ್ಲಿಸಿದೆ. 1977ರಿಂದ ಟ್ರಕ್ಕಿನವರು ನೆಚ್ಚಿಕೊಂಡಿರುವ ತಕ್ಕಡಿ. ಮುಂದಿನ ಅಚ್ಚು, ಹಿಂದಿನ ಅಚ್ಚು, ಟ್ರೇಲರ್ ಅಚ್ಚು ಮೂರೂ ಬೇರೆ ಬೇರೆ ಹಾಸಿನ ಮೇಲೆ ನಿಲ್ಲುತ್ತವೆ, ಚೀಟಿ ಕೈಗೆ ಬರುತ್ತದೆ. ಮೂರು ಬಾರಿ ತೂಗಿಸಿದೆ. ಹಿಂದೆ ಕಾದಿದ್ದ ಟ್ರಕ್ಕಿನ ಅಜ್ಜ ಹಾರ್ನ್ ಮಾಡಲಿಲ್ಲ, ಇಳಿದುಬಂದು ಪಟ್ಟಿ ಬಿಗಿಯಲು ಕೈ ಹಾಕಿದ.

ಬರೀ ಗಾಡಿ, ನಾವು ನಾಲ್ವರು: ಮುಂದೆ 3,290, ಹಿಂದೆ 3,290. ಟ್ರೇಲರ್ ಸಿಕ್ಕಿಸಿ ಪಟ್ಟಿ ಬಿಗಿಯದೆ: ಮುಂದೆ 3,000, ಹಿಂದೆ 4,220, ಟ್ರೇಲರ್ ಅಚ್ಚುಗಳ ಮೇಲೆ 4,360. ಪಟ್ಟಿ ಬಿಗಿದ ಮೇಲೆ: 3,240, 3,860, 4,480. ಏಪ್ರಿಲ್‌ನಲ್ಲಿ ಕೂತು ಗೀಚಿದ್ದೆಲ್ಲ ಚೀಟಿಯ ಮೇಲೆ ಕಣ್ಣಿಗೆ ಬಿತ್ತು. 640 ಮೂಕಿಗೆ ಮುಂದಿನಿಂದ 290 ಎದ್ದು ಹೋಗಿದೆ, ಪಟ್ಟಿ ಅದರಲ್ಲಿ 240 ವಾಪಸು ತಂದಿದೆ, 120 ಟ್ರೇಲರಿಗೆ ದಾಟಿಸಿದೆ. ಟ್ರೇಲರ್ ಒಟ್ಟು 5,000. ಗಾಡಿ 7,100, ಅದರ ಮಿತಿ 7,500.

ಶೈಯನ್ ಕಡೆ ಸಾಗುವಾಗ ಗಾಳಿ ಎಡದಿಂದ. 62ರಲ್ಲಿ ಹೋಗುತ್ತಿದ್ದೆ. ಹದಿನೆಂಟು ಚಕ್ರದ ಲಾರಿಯೊಂದು ಪಕ್ಕದಿಂದ ದಾಟಿತು. ಅದರ ಮೂತಿ ತಳ್ಳುವ ಗಾಳಿ ಮೊದಲು ಟ್ರೇಲರಿನ ಹಿಂಭಾಗವನ್ನು ಬಲಕ್ಕೆ ನೂಕಿತು, ನಂತರ ಲಾರಿಯ ಪಕ್ಕದ ಪೊಳ್ಳು ಎಡಕ್ಕೆ ಸೆಳೆಯಿತು. ಸ್ಟೀರಿಂಗಿನಲ್ಲಿ ಮಾತ್ರವಲ್ಲ, ಸೀಟಿನಲ್ಲೂ ಗೊತ್ತಾಯಿತು. ಒಂದು, ಒಂದೂವರೆ ಸಲ ತೂಗಿ ತಾನೇ ನಿಂತಿತು. ತಾನೇ ನಿಂತಿತು ಎಂಬುದೇ ಮುಖ್ಯ. ಹಿಂದಿನಿಂದ ಮಗಳು "ಇನ್ನೊಂದ್ಸಲ!" ಎಂದಳು. ಇವಳು ಮುಂದಿನ ಅರ್ಧ ಗಂಟೆ ಮಾತಾಡಲಿಲ್ಲ. ಇಳಿದ ಮೇಲೆ ಹೇಳಿದ್ದು ಒಂದೇ: "ಆ ದೊಡ್ಡದು ಬೇಡ."

ಮೇ 6, ಸೋಮವಾರ

ತೂಗಾಟದ ಬಗ್ಗೆ ಇನ್ನಷ್ಟು ಓದಿದೆ. ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯದಲ್ಲಿ ಕ್ಯಾರವಾನುಗಳ ಮೇಲೆ ಇದೇ ಕೆಲಸ ನಡೆದಿದೆ. ಪ್ರತಿ ಗಾಡಿ ಮತ್ತು ಟ್ರೇಲರ್ ಜೋಡಿಗೂ ಒಂದು ವೇಗವಿರುತ್ತದೆ. ಅದರ ಕೆಳಗೆ ಹೊರಗಿನಿಂದ ಬಿದ್ದ ನೂಕು ಒಂದೆರಡು ತೂಗಿನಲ್ಲಿ ಸಾಯುತ್ತದೆ. ಅದರ ಮೇಲೆ ಹೋದರೆ ಪ್ರತಿ ತೂಗೂ ಹಿಂದಿನದಕ್ಕಿಂತ ದೊಡ್ಡದು. ಹಿಂಭಾಗದಲ್ಲಿ ಭಾರ ಹೇರಿದರೆ ಆ ವೇಗ ತಗ್ಗುತ್ತದೆ, ಎರಡು ತುದಿಗಳಿಗೆ ಹಂಚಿಟ್ಟರೂ ತಗ್ಗುತ್ತದೆ. ಭಾರದ್ದೆಲ್ಲ ಅಚ್ಚಿನ ಆಸುಪಾಸು ತಳದಲ್ಲಿಟ್ಟು, ಒಟ್ಟಾರೆ ಸ್ವಲ್ಪ ಮುಂದಕ್ಕೆ ವಾಲಿರಬೇಕು. ಹಿಂದಿನ ಬಂಪರಿಗೆ ನಾಲ್ಕು ಸೈಕಲ್ ನೇತುಹಾಕಿ ಹೋಗುವವರನ್ನು ನೋಡಿದರೆ ಈಗ ಮೈ ಜುಮ್ಮೆನ್ನುತ್ತದೆ.

ತೂಗಾಟ ಬೆಳೆಯತೊಡಗಿದರೆ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ, ಹೋಗಬಾರದು. ಕಾರು ನಿಧಾನಿಸಿದರೆ ಟ್ರೇಲರ್ ಹಿಂದಿನಿಂದ ಇನ್ನಷ್ಟು ದಬ್ಬುತ್ತದೆ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟೀರಿಂಗ್ ನೆಟ್ಟಗೆ ಹಿಡಿದು, ಕೈಯಿಂದ ಟ್ರೇಲರ್ ಬ್ರೇಕಿನ ಸನ್ನೆ ಮಾತ್ರ ಒತ್ತಬೇಕು. ಆಗ ಅದು ಹಿಂದಕ್ಕೆ ಜಗ್ಗಿ ಜೋಡಿ ನೇರವಾಗುತ್ತದೆ. ಇಬ್ಬರೂ ಕಲಿಯಬೇಕೆಂದು ಇವಳನ್ನು ಸೀಟಿನಲ್ಲಿ ಕೂರಿಸಿ, ಕಣ್ಣು ಮುಚ್ಚಿ ಸನ್ನೆ ಎಲ್ಲಿದೆ ಎಂದು ಹುಡುಕಿಸಿದೆ. ಸಿಕ್ಕಿತು.

ಎಸ್‌ಯುವಿ ದೊಡ್ಡ ಟ್ರೇಲರ್ ಎಳೆಯಬಹುದೇ ಎಂದು ಆಫೀಸಿನಲ್ಲಿ ಒಬ್ಬರು ಕೇಳಿದರು, ಅವರೂ ಕೊಳ್ಳಲು ಹೊರಟಿದ್ದಾರೆ. ಹೌದು, ಇಲ್ಲ ಎರಡೂ ಹೇಳಲಿಲ್ಲ. ಮನೆಯಲ್ಲಿ ಎಷ್ಟು ಜನ ಎಂದು ಕೇಳಿದೆ. ವಿಚಿತ್ರವಾಗಿ ನೋಡಿದರು.

ಜೂನ್ 9, ಭಾನುವಾರ

ಅಪ್ಪ ಅಮ್ಮ ಬಂದು ಮೂರನೇ ದಿನ. ಇಬ್ಬರಿಗೂ ಇನ್ನೂ ನಿದ್ದೆ ಹಗಲಲ್ಲೇ. ನಿನ್ನೆ ಜಾಕ್ಸನ್ ಹತ್ತಿರದ ಟೀಟನ್ ಪಾಸ್ ರಸ್ತೆ ಕುಸಿದಿದೆಯಂತೆ, ಟಿವಿಯಲ್ಲಿ ಗುಡ್ಡದ ಸಮೇತ ಜಾರಿಹೋದದ್ದನ್ನು ತೋರಿಸಿದರು. ನಮ್ಮದು ರಾಲಿನ್ಸ್, ಲ್ಯಾಂಡರ್, ಟೊಗೊಟೀ ದಾರಿ. ಅದಕ್ಕೇನೂ ಆಗಿಲ್ಲ. ಐ-80ರಲ್ಲಿ ಎಲ್ಕ್ ಮೌಂಟನ್ ಸುತ್ತಮುತ್ತ ಗಾಳಿ ಜೋರಾದರೆ ಹಗುರವಾದ ಎತ್ತರದ ಗಾಡಿಗಳನ್ನು ರಾಜ್ಯದವರೇ ತಡೆದು ನಿಲ್ಲಿಸುತ್ತಾರೆ. ಹಾಗಾದರೆ ಲ್ಯಾರಮಿಯಲ್ಲಿ ಒಂದು ರಾತ್ರಿ ಹೆಚ್ಚು.

ಯಾರೋ ಬಿಟ್ಟುಕೊಟ್ಟದ್ದರಿಂದ ಯೆಲ್ಲೋಸ್ಟೋನ್ ಒಳಗಿನ ಫಿಶಿಂಗ್ ಬ್ರಿಜ್‌ನಲ್ಲಿ ಟ್ರೇಲರಿಗೆ ಜಾಗ ಸಿಕ್ಕಿದೆ. ಉದ್ಯಾನದೊಳಗೆ ನೀರು, ಕರೆಂಟು, ಕೊಳಚೆ ಮೂರರ ಸಂಪರ್ಕವೂ ಇರುವುದು ಅಲ್ಲಿ ಮಾತ್ರ. ಕರಡಿ ಓಡಾಡುವ ಜಾಗವಾದ್ದರಿಂದ ಡೇರೆ ಹಾಕಗೊಡುವುದಿಲ್ಲ, ಗಟ್ಟಿ ಗೋಡೆ ಇರಬೇಕು. ಮತ್ತೆ ಅದೇ 24 ಅಡಿಯದನ್ನೇ ಬಾಡಿಗೆಗೆ ಹೇಳಿದ್ದೇವೆ. ಊಟದ ಮೇಜು ಮಡಚಿದರೆ ಮಂಚವಾಗುತ್ತದೆ, ನಾನೂ ಇವಳೂ ಅಲ್ಲಿ. ಮುಂದಿನ ದೊಡ್ಡ ಮಂಚ ಅಪ್ಪ ಅಮ್ಮನಿಗೆ, ಬಚ್ಚಲಿಗೆ ನಾಲ್ಕು ಹೆಜ್ಜೆ.

ನೀರಿನ ಟ್ಯಾಂಕು ಖಾಲಿ ಒಯ್ಯುವುದು, ಅಲ್ಲೇ ಹಿಡಿಯುವುದು. ಮೇ ತಿಂಗಳ ಚೀಟಿಗೆ ಅಪ್ಪ ಅಮ್ಮನ 270 ಕೂಡಿಸಿದರೆ 7,370. ಉಳಿದದ್ದು 130. ಅಡುಗೆಮನೆಯಲ್ಲಿ ಡಬ್ಬ ಜೋಡಿಸುತ್ತಿದ್ದ ಅಮ್ಮನಿಗೆ ಹೇಳಿದೆ, ಇನ್ನು 130 ಪೌಂಡ್ ಮಾತ್ರ, ಅದರೊಳಗೇ ನಿಮ್ಮ ಸಾಮಾನೆಲ್ಲ.

"ಹಂಗಂದ್ರೆ ಎಷ್ಟ್ ಕೇಜಿ?"

"ಐವತ್ತೊಂಬತ್ತು."

"ಅಷ್ಟೈತಾ? ಹಂಗಾದ್ರೆ ದೊಡ್ಡ ಕುಕ್ಕರ್ರೇ ಮಡಗು."